ಅಪ್‌ಡೇಟ್: ಎಡಿಟಿಂಗ್ ಮೇಜಿನ ಮಾನಿಟರ್‌ಗಳು ಕೊನೆಗೂ ಒಂದು ನೆಲೆಗೆ ಬಂದವು

ವಿಡಿಯೋ ಸಂಕಲನಕ್ಕೆ 34 ಇಂಚಿನ ಒಂದೇ ಅಗಲ ಪರದೆ ಸಾಕೇ, ಇಲ್ಲವೇ 27 ಇಂಚಿನ ಎರಡು ಬೇಕೇ ಎಂದು ಹತ್ತು ದಿನಗಳ ಹಿಂದೆ ಕೇಳಿದ್ದೆ. ಕೊನೆಗೆ ಇವೆರಡನ್ನೂ ಬಿಟ್ಟು, ನಿಮ್ಮಲ್ಲೊಬ್ಬರು ಸೂಚಿಸಿದಂತೆ 27 ಇಂಚಿನ ಒಂದು 4ಕೆ (3840×2160 ಚುಕ್ಕೆಗಳ) ಐಪಿಎಸ್ (ಪಕ್ಕದಿಂದ ನೋಡಿದರೂ ಬಣ್ಣ ಹೆಚ್ಚು ಬದಲಾಗದ) ಮಾನಿಟರನ್ನು ಕಣ್ಣಿನ ನೇರಕ್ಕೆ ಇಟ್ಟು, ಮನೆಯಲ್ಲೇ ಇದ್ದ 24 ಇಂಚಿನ ಹಳೆಯದನ್ನು ಎಡಕ್ಕೆ ಲಂಬವಾಗಿ ನಿಲ್ಲಿಸಿದ್ದೇನೆ. ಕ್ಲಿಪ್‌ಗಳ ಪಟ್ಟಿ ಉದ್ದಕ್ಕೆ ಕಾಣುವುದರಿಂದ ಹುಡುಕಾಟ ಬಹಳ ಕಡಿಮೆಯಾಗಿದೆ. ಒಂದೇ ಅಳತೆಯ ಎರಡನ್ನು ಅಕ್ಕಪಕ್ಕ ಇಡುವ ಸಲಹೆಯನ್ನೂ ಸ್ನೇಹಿತರ ಮಾನಿಟರ್ ತಂದು ಪರೀಕ್ಷಿಸಿದೆ. ಅಂಚುಗಳು ಸೇರುವ ಜಾಗ ಸರಿಯಾಗಿ ಮೂಗಿನ ನೇರಕ್ಕೆ ಬಂದು, ಸಂಜೆಯ ಹೊತ್ತಿಗೆ ಕತ್ತು ನೋವೇ ಉಳಿಯಿತು.

ನಿಜವಾದ ಅಚ್ಚರಿ ಬೇರೆಯೇ ಇತ್ತು. ಹೊಸ ಪರದೆಯಲ್ಲಿ ಮೌಸ್ ತಡವರಿಸುತ್ತಿದ್ದುದಕ್ಕೆ ಪಾಪ, ಗ್ರಾಫಿಕ್ಸ್ ಕಾರ್ಡನ್ನು ದೂಷಿಸುತ್ತಿದ್ದೆ. ಆದರೆ ಅಡಚಣೆಯಿದ್ದದ್ದು 4ಕೆ ಚಿತ್ರವನ್ನು ಸೆಕೆಂಡಿಗೆ 30 ಬಾರಿಗಿಂತ, ಅಂದರೆ 30 ಹರ್ಟ್ಸ್‌ಗಿಂತ ವೇಗವಾಗಿ ಸಾಗಿಸಲಾರದ ಎಚ್‌ಡಿಎಂಐ 1.4 ಸಂಪರ್ಕದಲ್ಲಿ. ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿದೊಡನೆ 60 ಹರ್ಟ್ಸ್ ದೊರೆಯಿತು. ಹಳೆಯದರಲ್ಲಿ ಕಪ್ಪು ಮಾಸಿದಂತೆ ಕಾಣುತ್ತಿದ್ದುದು ಪರದೆಯ ಬಣ್ಣ ಅಳೆದು ಹೊಂದಿಸುವ ಸಾಧನವಾದ ಕ್ಯಾಲಿಬ್ರೇಟರ್‌ನಿಂದ ಸರಿಹೋಗಲಿಲ್ಲ. ಗ್ರಾಫಿಕ್ಸ್ ಸೆಟ್ಟಿಂಗ್‌ನಲ್ಲಿ 16–235 ಎಂದಿದ್ದ, ಕಪ್ಪಿನಿಂದ ಬಿಳಿಯವರೆಗಿನ ಮಟ್ಟಗಳ ವ್ಯಾಪ್ತಿಯನ್ನು 0–255ಕ್ಕೆ ಬದಲಿಸಿದ ಮೇಲೆ ಸರಿಯಾಯಿತು. ಆದರೂ ಅದು ತುಸು ನೀಲಿಗೆ ತಿರುಗುವುದರಿಂದ ಬಣ್ಣದ ತೀರ್ಮಾನವನ್ನು ಅದರಲ್ಲಿ ಮಾಡುವುದಿಲ್ಲ.