ಬಾಣಂತನ ಮುಗಿಯುತ್ತಾ ಬಂತು, ಗೆಳತಿಯರ ಜೊತೆ ಟ್ರಿಪ್ ಹೋಗಲಾ ಬೇಡವಾ?

ಕಾಫಿಹೂ, ಚಿಕ್ಕಮಗಳೂರು

ಎಲ್ಲರಿಗೂ ನಮಸ್ಕಾರ. ಮೊದಲ ಮಗು, ಹೆಣ್ಣು, ಮೂರು ತಿಂಗಳು ತುಂಬುತ್ತಾ ಬಂತು. ತವರಿನಲ್ಲಿದ್ದೇನೆ. ಗಂಡನ ಮನೆ ಹಾಸನ, ಅವರು ಶನಿವಾರ ಬಂದು ಸೋಮವಾರ ಬೆಳಿಗ್ಗೆ ಹೋಗುತ್ತಾರೆ.

ನಾವು ನಾಲ್ಕು ಜನ ಗೆಳತಿಯರು. ಹಾಸನದಲ್ಲಿ ಓದುವಾಗ ಹಾಸ್ಟೆಲ್‌ನಲ್ಲಿ ಒಂದೇ ರೂಮಿನಲ್ಲಿದ್ದವರು. ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಎಲ್ಲಾದರೂ ಹೋಗಲೇಬೇಕು. ಕುದುರೆಮುಖ ಹತ್ತಿದ್ದೇವೆ, ಬಿಸಿಲೆ ಘಾಟಿಯಲ್ಲಿ ಇಂಬಳ ಕಚ್ಚಿಸಿಕೊಂಡಿದ್ದೇವೆ, ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಬೇಕು ಅಂತಲೇ ಚಾರ್ಮಾಡಿ ದಾರಿ ಹಿಡಿದಿದ್ದೇವೆ. ಮದುವೆ, ಕೆಲಸ, ಬೆಂಗಳೂರು ಏನೇ ಬಂದರೂ ಇದು ತಪ್ಪಿರಲಿಲ್ಲ. ಈ ಸಲ ದೀಪಾವಳಿ ಕಳೆದ ಮೇಲೆ ಮುಳ್ಳಯ್ಯನಗಿರಿ, ಅಲ್ಲಿಂದ ಕಳಸದ ಕಡೆ ಒಂದು ಹೋಮ್‌ಸ್ಟೇ ಅಂತ ಮಾತಾಡಿಕೊಂಡಿದ್ದಾರೆ. "ಪಾಪುನ ಕರ್ಕೊಂಡು ಬಾರೇ, ನಾವಿಲ್ವಾ" ಅನ್ನುತ್ತಾರೆ. ಅಮ್ಮ ಮಾತ್ರ ಐದು ತಿಂಗಳು ತುಂಬುವವರೆಗೆ ಹೊಸಿಲು ದಾಟುವ ಹಾಗಿಲ್ಲ ಅಂತ ಕೂತಿದ್ದಾರೆ.

ಹೆರಿಗೆ ಬಗ್ಗೆಯೂ ಹೇಳಿಬಿಡುತ್ತೇನೆ. ಡೇಟ್ ದಾಟಿತು ಅಂತ ಅಡ್ಮಿಟ್ ಮಾಡಿಕೊಂಡು ನೋವು ಬರಲಿ ಅಂತ ಡ್ರಿಪ್ ಹಾಕಿದರು. ರಾತ್ರಿಯೆಲ್ಲಾ ನೋವು ತಿಂದೆ. ಬೆಳಗಿನ ಜಾವ ಮಗುವಿನ ಎದೆಬಡಿತ ಇಳಿಯುತ್ತಿದೆ ಅಂತ ಸಿಸ್ಟರ್ ಓಡಿಹೋಗಿ ಡಾಕ್ಟರನ್ನು ಕರೆತಂದರು, ಯಾರು ಏನು ಹೇಳಿದರು, ನಾನು ಎಲ್ಲಿ ಸಹಿ ಹಾಕಿದೆ ಒಂದೂ ನೆನಪಿಲ್ಲ, ನೋಡುವಷ್ಟರಲ್ಲಿ ಆಪರೇಷನ್ ಥಿಯೇಟರ್‌ನಲ್ಲಿದ್ದೆ. ಬೆನ್ನಿಗೆ ಸೂಜಿ ಚುಚ್ಚಿದ ಮೇಲೆ ನೋವು ಹೋಯಿತು. ಆದರೆ ಹೊಟ್ಟೆಯೊಳಗೆ ಕೈ ಹಾಕಿ ಎಳೆಯುವುದು ಚೆನ್ನಾಗಿ ಗೊತ್ತಾಗುತ್ತಿತ್ತು. ಹಲ್ಲು ಕಟಕಟ ಅನ್ನುವಷ್ಟು ಚಳಿ. ಆಮೇಲೆ ಅಳು ಕೇಳಿಸಿತು. ಸಿಸ್ಟರ್ ಮಗುವಿನ ಕೆನ್ನೆಯನ್ನು ನನ್ನ ಕೆನ್ನೆಗೆ ತಾಗಿಸಿದರು. ಬಿಸಿಯಾಗಿತ್ತು, ಅಂಟಂಟಾಗಿತ್ತು.

ನೋಡಲು ಬಂದವರೆಲ್ಲಾ "ಅಯ್ಯೋ, ನಾರ್ಮಲ್ ಆಗಲಿಲ್ವಾ" ಅಂದರು. ಹಾಲು ಸಾಲುತ್ತಿಲ್ಲ ಅಂತ ಬೇರೆ. ಸುಮ್ಮಸುಮ್ನೆ ಅಳು ಬರುತ್ತಿತ್ತು. ಆಗ ಗೆಳತಿಯೊಬ್ಬಳು ಬೆಂಗಳೂರಿಂದ ರಾತ್ರಿ ಬಸ್ ಹತ್ತಿ ಬಂದಳು. ಬಂದವಳು ತೊಟ್ಟಿಲ ಹತ್ತಿರ ಹೋಗಲಿಲ್ಲ. "ತಲೆ ಬಾಚ್ಕೊಂಡು ಎಷ್ಟು ದಿನ ಆಯ್ತೇ" ಅಂತ ಮಂಚದ ಮೇಲೆ ನನ್ನ ಹಿಂದೆ ಕೂತು, ಗಂಟಾಗಿದ್ದ ಕೂದಲನ್ನು ತುದಿಯಿಂದ ಒಂದೊಂದೇ ಎಳೆ ಬಿಡಿಸಿ, ಕೊಬ್ಬರಿ ಎಣ್ಣೆ ಹಚ್ಚಿ, ಜಡೆ ಹಾಕಿದಳು. ಅಷ್ಟು ಹೊತ್ತೂ ಇಬ್ಬರೂ ಮಾತಾಡಲಿಲ್ಲ. ಅವತ್ತು ಮಧ್ಯಾಹ್ನ ಹೊಟ್ಟೆ ತುಂಬಾ ಉಂಡೆ.

ಇಂಥವರ ಜೊತೆ ಹೋಗದೆ ಇರಲು ಮನಸ್ಸು ಬರುತ್ತಿಲ್ಲ. ಈ ವರ್ಷ ಬಿಟ್ಟರೆ ಮುಂದಿನ ವರ್ಷ ಕರೆಯುವುದನ್ನೇ ಬಿಡುತ್ತಾರೇನೋ ಅಂತ ಭಯ. ಹೋದರೆ ಮಗುವಿಗೆ ಏನಾದರೂ ಆದೀತು ಅಂತ ಇನ್ನೊಂದು ಭಯ. ಸಿಸೇರಿಯನ್ ಆದವರು, ಚಿಕ್ಕ ಮಗು ಎತ್ತಿಕೊಂಡು ಓಡಾಡಿದವರು ದಯವಿಟ್ಟು ಹೇಳಿ. ಮಕ್ಕಳಾದ ಮೇಲೆ ನಿಮ್ಮ ಸ್ನೇಹ ಹೇಗೆ ಉಳಿಯಿತು ಅಂತಲೂ ಬರೆಯಿರಿ.

ಸಕಲೇಶಪುರದವಳು

ನನಗೆ ಇಬ್ಬರು ಮಕ್ಕಳು, ಎರಡೂ ಸಿಸೇರಿಯನ್. ಹೊರಗೆ ಹೋಗುವುದರಲ್ಲಿ ತಪ್ಪೇನೂ ಇಲ್ಲ, ಆದರೆ ಈ ಪ್ಲಾನ್ ಬೇಡ. ಮುಳ್ಳಯ್ಯನಗಿರಿ 1,930 ಮೀಟರ್, ನಮ್ಮ ರಾಜ್ಯದಲ್ಲೇ ಎತ್ತರದ ಶಿಖರ. ಮೇಲೆ ಗಾಳಿ ಹೇಗೆ ಹೊಡೆಯುತ್ತದೆ ಅಂತ ಆ ಊರಿನ ಮಗಳಿಗೆ ನಾನು ಹೇಳಬೇಕಾಗಿಲ್ಲ. ಗಾಡಿ ನಿಲ್ಲಿಸಿದ ಮೇಲೂ ಮೆಟ್ಟಿಲು ಹತ್ತಬೇಕು. ಮಗುವನ್ನು ಎದೆಗೆ ಅವಚಿಕೊಂಡರೆ ಕಾಲಿಡುವ ಜಾಗವೇ ಕಾಣುವುದಿಲ್ಲ. ಶನಿವಾರ ಭಾನುವಾರವಾದರೆ ಗಾಡಿಗಳ ಸಾಲು ಬೇರೆ, ಹಸಿದ ಮಗು ಅಳುವಾಗ ಆ ಕಿರಿದಾದ ರಸ್ತೆಯಲ್ಲಿ ಮುಂದಕ್ಕೂ ಹೋಗಲಾಗದೆ ಹಿಂದಕ್ಕೂ ಬರಲಾಗದೆ ಕೂತಿರಬೇಕು. ಕಳಸದ ಕಡೆ ಎಷ್ಟೋ ಹೋಮ್‌ಸ್ಟೇಗಳು ತೋಟದೊಳಗೆ ಇರುತ್ತವೆ. ರಾತ್ರಿ ಮಗುವಿಗೆ ಮೈ ಬಿಸಿಯಾದರೆ ಎಲ್ಲಿಗೆ ಓಡುತ್ತೀರಿ?

ಬೆಳವಾಡಿಗೆ ಹೋಗಿ. ಚಿಕ್ಕಮಗಳೂರಿಂದ ಜಾವಗಲ್ ರಸ್ತೆಯಲ್ಲಿ ಸುಮಾರು 30 ಕಿ.ಮೀ., ಘಾಟಿ ಇಲ್ಲ. ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿವೆ, ರಜಾದಿನ ಅಲ್ಲಿ ಜನಜಾತ್ರೆ. ಬೆಳವಾಡಿಯ ವೀರನಾರಾಯಣನೂ ಹೊಯ್ಸಳರದ್ದೇ, ಆದರೆ ಅಷ್ಟು ಗಲಾಟೆ ಇಲ್ಲ. ದೊಡ್ಡ ಮಂಟಪ, ಕನ್ನಡಿ ಹಾಗೆ ಹೊಳೆಯುವ ಕಂಬಗಳು. ನನ್ನ ಎರಡನೆಯವನು ಕೈಗೂಸಾಗಿದ್ದಾಗ ಅಲ್ಲೇ ಕಂಬಕ್ಕೆ ಒರಗಿ, ಸೆರಗು ಹೊದ್ದು ಹಾಲು ಕುಡಿಸಿದ್ದೆ. ಅಷ್ಟರಲ್ಲಿ ಗೆಳತಿಯರು ಮೂರೂ ಗರ್ಭಗುಡಿ ನೋಡಿಕೊಂಡು ಬಂದರು, ವೀರನಾರಾಯಣ, ವೇಣುಗೋಪಾಲ, ಯೋಗನರಸಿಂಹ. ಆಮೇಲೆ ಮಗುವನ್ನು ಅವರ ಕೈಗೆ ಕೊಟ್ಟು ನಾನೊಬ್ಬಳೇ ನಿಧಾನಕ್ಕೆ ಸುತ್ತಿದೆ. ಆ ಮಗು ಹುಟ್ಟಿದ ಮೇಲೆ ಕೈ ಬೀಸಿಕೊಂಡು ನಡೆದದ್ದು ಅದೇ ಮೊದಲು. ವೇಣುಗೋಪಾಲನ ಮುಂದೆ ಎಷ್ಟು ಹೊತ್ತು ನಿಂತೆನೋ ಗೊತ್ತಿಲ್ಲ.

ವಾರ್ಡ್ ಸಿಸ್ಟರ್, ಹಾಸನ

ಹೆರಿಗೆ ವಾರ್ಡ್‌ನಲ್ಲಿ ಕೆಲಸ ಮಾಡುತ್ತೇನೆ. ಆರು ವಾರದ ಚೆಕಪ್ ಆಗಿ ಡಾಕ್ಟರು ಸರಿ ಅಂದಿದ್ದರೆ ಹತ್ತಿರದ ಪ್ರಯಾಣಕ್ಕೆ ಹೆದರಬೇಕಿಲ್ಲ. ತಾಯಿ ಕಾರ್ಡ್ ತೆಗೆದು ನೋಡಿ, ಮೂರೂವರೆ ತಿಂಗಳ ಚುಚ್ಚುಮದ್ದು ಬರುವ ಹೊತ್ತು. ಹಾಕಿಸಿದ ಮೇಲೆ ಒಂದೆರಡು ದಿನ ಜ್ವರ, ಕಿರಿಕಿರಿ ಇರಬಹುದು. ಅದು ಕಳೆದ ಮೇಲೆ ಹೊರಡಿ. ಕಾರಿನಲ್ಲಿ ಮಗುವನ್ನು ಮಡಿಲಲ್ಲಿ ಕೂರಿಸಬೇಡಿ, ಹಿಂದಕ್ಕೆ ಮುಖ ಮಾಡುವ ಬೇಬಿ ಸೀಟ್ ಹಿಂದಿನ ಸೀಟಿಗೆ ಕಟ್ಟಿ. ಹಾಲು ಕುಡಿಸಲು ಗಾಡಿ ನಿಲ್ಲಿಸಿ. ದಾರಿಯಲ್ಲಿ ಯಾರಾದರೂ ಪ್ರೀತಿಯಿಂದ ಒಂದು ಹನಿ ನೀರು, ಒಂದು ಚೂರು ಜೇನುತುಪ್ಪ ಅಂದರೆ ಬೇಡ ಅನ್ನಿ. ಆರು ತಿಂಗಳವರೆಗೆ ಎದೆಹಾಲು ಸಾಕು, ಜೇನುತುಪ್ಪ ಅಂತೂ ವರ್ಷ ತುಂಬುವವರೆಗೆ ಬೇಡ.

ಇಷ್ಟು ಚಿಕ್ಕ ಮಗುವಿಗೆ ಜ್ವರ 100.4 ಡಿಗ್ರಿ ಮುಟ್ಟಿದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ. ನಿಮಗೆ ಹೊಲಿಗೆ ಕೆಂಪಾಗಿ ಸೋರುವುದು, ಒಂದೇ ಕಾಲು ಊದಿಕೊಂಡು ನೋಯುವುದು ಕಂಡರೂ ಅಷ್ಟೆ.

ಇನ್ನೊಂದು ಮಾತು. ಮೊದಲ ಎರಡು ವಾರ ಅಳು ಬರುವುದು ಬಹಳ ಜನಕ್ಕೆ ಆಗುತ್ತದೆ. ಈಗಲೂ ದಿನಾ ಹಾಗೇ ಇದ್ದರೆ, ನಿದ್ದೆ ಬರದಿದ್ದರೆ, ಮಗುವನ್ನು ಎತ್ತಿಕೊಳ್ಳಲೂ ಬೇಡ ಅನ್ನಿಸಿದರೆ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಯಾವ ಹೊತ್ತಿನಲ್ಲಾದರೂ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. "ನಾರ್ಮಲ್ ಆಗಲಿಲ್ವಾ" ಅನ್ನುವವರು ಆ ಬೆಳಗಿನ ಜಾವ ನಿಮ್ಮ ಜೊತೆ ಇರಲಿಲ್ಲ. ಎದೆಬಡಿತ ಇಳಿದಾಗ ಮಗುವಿಗೆ ಆಮ್ಲಜನಕ ಸಾಲದೆ ಹೋಗಬಹುದು, ಆಗ ಒಂದೊಂದು ನಿಮಿಷಕ್ಕೂ ಬೆಲೆ ಇದೆ. ನೀವು ಆ ಹೊತ್ತಿನಲ್ಲಿ ಗಟ್ಟಿಯಾಗಿ ಇದ್ದಿರಿ.

ಆಲೂರು ಹುಡುಗಿ

ನನಗೆ ಮದುವೆ ಆಗಿಲ್ಲ, ನನ್ನ ಗೆಳತಿಯರಿಗೆಲ್ಲಾ ಮಕ್ಕಳಾಗಿವೆ. ನಮ್ಮ ಕಡೆಯದ್ದನ್ನೂ ಯಾರಾದರೂ ಹೇಳಬೇಕು ಅಲ್ವಾ? ಗೆಳತಿಗೆ ಮಗು ಆದಾಗ ಯಾವಾಗ ಫೋನ್ ಮಾಡಬೇಕು ಅಂತಲೇ ತಿಳಿಯುವುದಿಲ್ಲ. ಮಲಗಿರಬಹುದು, ಹಾಲು ಕುಡಿಸುತ್ತಿರಬಹುದು, ಮನೆ ತುಂಬಾ ನೆಂಟರಿರಬಹುದು, ನಾಳೆ ಮಾಡಿದರಾಯಿತು ಅಂತ ಬಿಡುತ್ತೇವೆ, ಹಾಗೇ ತಿಂಗಳು ಕಳೆದುಹೋಗುತ್ತದೆ. ಆ ಕಡೆ ಅವಳು ಮರೆತರು ಅಂದುಕೊಳ್ಳುತ್ತಾಳೆ. ನಮ್ಮ ಗುಂಪಿನಲ್ಲಿ ಒಬ್ಬಳು ಹೀಗೇ ದೂರವಾದಳು. ಜಗಳ ಇಲ್ಲ, ಏನಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಬೇಜಾರಾಗುತ್ತದೆ.

ಇನ್ನೊಬ್ಬಳು ಮಾತ್ರ ರಾತ್ರಿ ಮಗು ಎಬ್ಬಿಸಿದಾಗಲೆಲ್ಲ ನನಗೆ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ಅರ್ಧ ಅವಳ ಪಿಸುಮಾತು, ಅರ್ಧ ಮಗು ಹಾಲು ಚೀಪುವ ಸದ್ದು. ಬೆಳಿಗ್ಗೆ ಹಾಸನದ ಬಸ್ಸಿನಲ್ಲಿ ಕೂತು ಕೇಳುತ್ತಿದ್ದೆ, ಆಫೀಸು ಬರುವಷ್ಟರಲ್ಲಿ ಉತ್ತರ ಕಳಿಸುತ್ತಿದ್ದೆ. ನಮ್ಮಿಬ್ಬರ ಸ್ನೇಹ ಉಳಿದದ್ದು ಅದರಲ್ಲೇ.

ಅದಕ್ಕೇ ಹೇಳುತ್ತೇನೆ, ಅವರನ್ನೇ ನೇರವಾಗಿ ಕೇಳಿ. "ಗಿರಿಗೆ ನಾನು ಬರಲ್ಲ, ನೀವು ಹತ್ತಿ, ಒಂದು ದಿನ ನನಗೆ ಕೊಡಿ" ಅನ್ನಿ. ಅವರು ಹತ್ತಿದ ಫೋಟೋ ನೋಡಿ ಹೊಟ್ಟೆ ಉರಿಯುತ್ತದೆ, ಉರಿಯಲಿ ಬಿಡಿ, ಅದನ್ನೂ ಅವರಿಗೆ ಹೇಳಿ. ಜಡೆ ಹಾಕಲು ರಾತ್ರಿ ಬಸ್ಸಿನಲ್ಲಿ ಬಂದವಳು ನಿಮ್ಮನ್ನು ಬಿಡುವವಳಲ್ಲ.

ಬೇಲೂರಮ್ಮ

ನೀನು ನನ್ನ ಮಗಳ ವಯಸ್ಸಿನವಳು ತಾಯಿ, ಅದಕ್ಕೆ ಏಕವಚನ. ಅಮ್ಮನ ಮಾತು ತಳ್ಳಬೇಡ. ಎಣ್ಣೆ ನೀರು, ಬಾಣಂತಿ ಖಾರ, ಮಗುವಿಗೆ ಸಾಂಬ್ರಾಣಿ ಅಂತ ಅವಳೂ ಮೂರು ತಿಂಗಳಿಂದ ಮನೆ ಬಿಟ್ಟು ಎಲ್ಲೂ ಹೋಗಿಲ್ಲ. ಅವಳನ್ನೂ ಜೊತೆಗೆ ಕರೆದುಕೋ. ನಮ್ಮ ಕಾಲದಲ್ಲಿ ಮದುವೆಯಾದ ಮೇಲೆ ಗೆಳತಿ ಅಂದರೆ ಮುಗಿಯಿತು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ನಾವು ಓರಗೆಯವರು ಆಧಾರ್ ಕಾರ್ಡ್ ಹಿಡಿದು ಬಸ್ ಹತ್ತಿ ಶೃಂಗೇರಿ, ಹೊರನಾಡು ನೋಡಿಕೊಂಡು ಬಂದೆವು. ಹೊರನಾಡಿನಲ್ಲಿ ಊಟಕ್ಕೆ ಕೂತಾಗ ಪಕ್ಕದಲ್ಲಿದ್ದವಳು, ಒಂದನೇ ಕ್ಲಾಸಿನಿಂದ ಗೊತ್ತಿದ್ದವಳು, ಇಷ್ಟು ವರ್ಷ ಯಾಕೆ ಬರಲಿಲ್ಲವೇ ನಾವು ಅಂತ ಕಣ್ಣೊರೆಸಿಕೊಂಡಳು. ನೀವು ಬಿಡಬೇಡಿ.

ಕಾಫಿಹೂ, ಚಿಕ್ಕಮಗಳೂರು

ಎಲ್ಲರಿಗೂ ಥ್ಯಾಂಕ್ಸ್. ಓದುತ್ತಾ ಅತ್ತುಬಿಟ್ಟೆ. ಸಿಸ್ಟರ್, ಗಾಬರಿಯಾಗಬೇಡಿ, ಇದು ಬೇರೆ ಅಳು. ರಾತ್ರಿ ಹಾಲು ಕುಡಿಸುವಾಗಲೇ ಗುಂಪಿಗೆ ವಾಯ್ಸ್ ಮೆಸೇಜ್ ಹಾಕಿದೆ. ಒಂದು ದಿನ ಅವರು ಗಿರಿ ಹತ್ತಿ ಸೀದಾ ನಮ್ಮ ಮನೆಗೆ ಬಂದು ಉಳಿಯುತ್ತಾರೆ. ಮರುದಿನ ಎಲ್ಲರೂ ಬೆಳವಾಡಿಗೆ. ಅಮ್ಮನೂ ಬರುತ್ತಾರೆ, ಆದರೆ ಚುಚ್ಚುಮದ್ದು ಹಾಕಿಸಿ ಒಂದು ವಾರ ಆಗಿರಬೇಕು ಅಂತ ಅವರ ಷರತ್ತು. ನಾದಿನಿ ಮನೆಯಲ್ಲಿ ಬೇಬಿ ಸೀಟ್ ಇದೆ, ಗಂಡ ಶನಿವಾರ ತರುತ್ತಾರೆ. ಬೆಳವಾಡಿ ಹತ್ತಿರ ಮಧ್ಯಾಹ್ನ ಊಟಕ್ಕೆ ಏನಾದರೂ ಸಿಗುತ್ತದಾ?

ಸಕಲೇಶಪುರದವಳು

ಹೋಟೆಲ್ ನಂಬಿಕೊಂಡು ಹೋಗಬೇಡಿ, ಬುತ್ತಿ ಕಟ್ಟಿಕೊಳ್ಳಿ. ನಿಮಗೆ ಬಿಸಿಯಾದದ್ದೇ ಬೇಕು ಅಂತ ಅಮ್ಮ ಅಂದರೆ ಮೆಣಸಿನ ಸಾರನ್ನು ಫ್ಲಾಸ್ಕ್‌ಗೆ ಹಾಕಿಕೊಳ್ಳಿ. ಮಧ್ಯಾಹ್ನ ಗರ್ಭಗುಡಿ ಬಾಗಿಲು ಹಾಕಿರಬಹುದು, ಹತ್ತು ಗಂಟೆಯೊಳಗೆ ಅಲ್ಲಿರಿ. ಕಲ್ಲಿನ ನೆಲ ತಣ್ಣಗಿರುತ್ತದೆ, ಮಗು ಮಲಗಿಸಲು ಒಂದು ಚಾಪೆ, ಎರಡು ದಪ್ಪ ಹೊದಿಕೆ ಇರಲಿ. ಗೆಳತಿಯರಿಗೂ ಒಂದು ಮಾತು ಹೇಳಿ, ಟ್ರಿಪ್ ಡಿಸೆಂಬರ್‌ಗೆ ಹೋದರೆ ದತ್ತ ಜಯಂತಿ ಯಾವತ್ತು ಅಂತ ನೋಡಿಕೊಳ್ಳಲಿ, ಆ ದಿನಗಳಲ್ಲಿ ಗಿರಿ ರಸ್ತೆಯಲ್ಲಿ ಪ್ರವಾಸಿಗರನ್ನು ಬಿಡುವುದಿಲ್ಲ.