ಬೆನ್ನುಮೂಳೆಯ ‘ಸ್ಟಿಫ್‌ನೆಸ್’: ಬಿಗಿತವೋ, ಪೆಡಸುತನವೋ?

ಪ್ರಶ್ನೆ: ಫಿಸಿಯೋಥೆರಪಿ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಸೊಂಟನೋವಿರುವವರ ಬೆನ್ನುಮೂಳೆಯ ಸ್ಟಿಫ್‌ನೆಸ್ ಅಳೆಯುವ ಭಾಗಕ್ಕೆ ‘ಬಿಗಿತ’ ಎಂದು ಬರೆದಿದ್ದೆ. ‘ಗಡಸುತನ’ ಸರಿ ಎನ್ನುತ್ತಾರೆ ಕೆಲವರು. ಜೊತೆಗೆ, ರಿಲಯಬಿಲಿಟಿಗೆ (ಮತ್ತೆ ಅಳೆದರೂ ಅದೇ ಅಂಕಿ ಬರುವ ಗುಣಕ್ಕೆ) ‘ನಿಖರತೆ’ ನಡೆದೀತೇ?

ಉತ್ತರ: ಗಡಸುತನ ಬೇಡ ಸರ್. ಅದು ಹಾರ್ಡ್‌ನೆಸ್, ಮೇಲ್ಮೈಯಲ್ಲಿ ಗೀರೋ ಕುಳಿಯೋ ಬೀಳಗೊಡದ ಗುಣ. ಇಲ್ಲಿ ನೋಡುವುದು ಎಷ್ಟು ಒತ್ತಿದರೆ ಎಷ್ಟು ತಗ್ಗುತ್ತದೆ ಎಂಬುದನ್ನು. ರೋಗಿಯನ್ನು ಬೋರಲು ಮಲಗಿಸಿ, ಸಾಮಾನ್ಯವಾಗಿ ಸೊಂಟದ ಮೂರನೇ ಕಶೇರುಕದ (ಬೆನ್ನುಮೂಳೆಯ ಬಿಡಿ ಮೂಳೆಯ) ಮುಳ್ಳಿನ, ಅಂದರೆ ಹಿಂದಕ್ಕೆ ಚಾಚಿದ ತುದಿಯ ಮೇಲೆ ಯಂತ್ರದ ಮೊನೆಯಿಂದ ಒತ್ತುತ್ತಾರೆ. ಬಲ–ಇಳಿತದ ನಕ್ಷೆಯ ಮೊದಲ ತುಣುಕು ಬಾಗಿರುತ್ತದೆ. ಚರ್ಮ, ಕೊಬ್ಬು ಅದುಮಿಕೊಳ್ಳುವ ಹಂತವದು. ಅದನ್ನು ಬಿಟ್ಟು ನೇರ ಭಾಗದ (ಹಲವು ಕಡೆ 30ರಿಂದ 90 ನ್ಯೂಟನ್) ಇಳಿಜಾರನ್ನು ಲೆಕ್ಕಹಾಕುತ್ತಾರೆ. 60 ನ್ಯೂಟನ್ ಏರಿಕೆಗೆ ಮೂಳೆ 4 ಮಿ.ಮೀ. ತಗ್ಗಿತೆನ್ನಿ, ಆಗ ಮಿ.ಮೀ.ಗೆ 15 ನ್ಯೂಟನ್. ಈ ಅಂಕಿಗೆ ‘ಪೆಡಸುತನ’ ಒಪ್ಪುತ್ತದೆ.

‘ಬಿಗಿತ’ವನ್ನು ರೋಗಿ ಹೇಳುವ ಅನುಭವಕ್ಕೆ ಮೀಸಲಿಡಿ. ಸೊಂಟ ಹಿಡಿದುಕೊಂಡಿದೆ ಎನ್ನುವವರ ಬೆನ್ನು ಯಂತ್ರಕ್ಕೂ ಪೆಡಸಾಗಿಯೇ ಸಿಗಬೇಕೆಂದಿಲ್ಲ. ಎರಡಕ್ಕೂ ಒಂದೇ ಪದ ಬಳಸಿದರೆ ಓದುವವರು ದಾರಿ ತಪ್ಪುತ್ತಾರೆ.

ರಿಲಯಬಿಲಿಟಿಗೆ ನಿಖರತೆ ಸಲ್ಲದು. ಪ್ರತಿಸಲವೂ ಒಂದೇ ಪ್ರಮಾಣದಲ್ಲಿ ಹೆಚ್ಚು ತೋರಿಸುವ ಯಂತ್ರ ನಿಖರವಲ್ಲ, ಆದರೂ ಅದರ ಅಳತೆ ಮರಳಿ ಮರಳಿ ಹೊಂದುತ್ತದೆ. ‘ವಿಶ್ವಾಸಾರ್ಹತೆ’ ಇರಲಿ, ಯಾವುದು ಎಂಬುದನ್ನೂ ಬಿಡಿಸಿ ಹೇಳಿ: ಒಬ್ಬರೇ ಎರಡು ಸಲ ಅಳೆದದ್ದೋ, ಇಬ್ಬರು ಬೇರೆಬೇರೆಯಾಗಿ ಅಳೆದದ್ದೋ. ಹೆಬ್ಬೆರಳಿನಿಂದ ಒತ್ತಿ ಅಂದಾಜಿಸುವಾಗ ಇಬ್ಬರು ಪರೀಕ್ಷಕರು ಒಮ್ಮತಕ್ಕೆ ಬರುವುದೇ ಕಷ್ಟ; ಯಂತ್ರ ಹುಟ್ಟಿದ್ದೇ ಅದಕ್ಕೆ.

ಯಂತ್ರವೂ ಕೈಕೊಡುತ್ತದೆ. ಉಸಿರು ಎಳೆದುಕೊಂಡಾಗ ಬೆನ್ನು ಪೆಡಸಾಗುತ್ತದೆ, ಆದ್ದರಿಂದ ಸಹಜವಾಗಿ ಉಸಿರು ಬಿಟ್ಟ ಕೊನೆಯಲ್ಲಿ ಉಸಿರು ಹಿಡಿಸಿ ಒತ್ತಬೇಕು. ನೋವಿಗೆ ಹೆದರಿ ಬೆನ್ನಿನ ಸ್ನಾಯು ಸೆಟೆದರೂ ಅಂಕಿ ಏರುತ್ತದೆ. ಸೊಂಟನೋವಿನವರಲ್ಲಿ ಇದನ್ನು ಮರೆಯುವಂತಿಲ್ಲ. ಮಂಚದ ಮೆತ್ತೆ ಕುಸಿದರೆ ಆ ಕುಸಿತವೂ ಮೂಳೆಯ ಲೆಕ್ಕಕ್ಕೆ ಸೇರಿ ಅಂಕಿ ಇಳಿಯುತ್ತದೆ. ಮೊದಲ ಒತ್ತು ಮುಂದಿನವುಗಳಿಗೆ ಹೊಂದುವುದಿಲ್ಲ, ಅದನ್ನು ಬಿಟ್ಟು ಉಳಿದವುಗಳ ಸರಾಸರಿ ಹಿಡಿಯಿರಿ. ಒತ್ತುವ ಜಾಗ, ಕೋನ ಬದಲಾದರೆ ಹೋಲಿಕೆಯೇ ಇಲ್ಲ. ಚರ್ಮದ ಮೇಲೆ ಗುರುತು ಹಾಕುವುದು ಅದಕ್ಕೇ.

ಇನ್ನೊಂದು: ಫೋರ್ಸ್ ಇರುವಲ್ಲಿ ‘ಒತ್ತಡ’ ಬರೆಯಬೇಡಿ. ಒತ್ತಡದ ಮಾನ ಪಾಸ್ಕಲ್, ಪಕ್ಕದಲ್ಲೇ ನ್ಯೂಟನ್ ಕಂಡರೆ ಭೌತವಿಜ್ಞಾನ ಓದಿದವರು ತಡವರಿಸುತ್ತಾರೆ. ‘ಬಲ’ ಸಾಕು.