ಬಂಬಲ್ಲ ಕಣ್ರೀ, ಬಾಂಬು

ನೀರು ತುಂಬುವ ಹಬ್ಬದ ಸಂಜೆ. ಪುಣೆಯ ಕೋಥ್ರೂಡಿನಲ್ಲಿ ‘ಅಮೃತತುಲ್ಯ’ ಚಹಾದಂಗಡಿಯ ಮುಂದೆ ನಿಂತು ನನ್ನ ಗೋಳು ತೋಡಿಕೊಂಡೆ.

“ನಾಳೆ ನರಕ ಚತುರ್ದಶಿ. ಮೈತುಂಬ ಎಣ್ಣೆ ಬಳ್ಕೊಂಡು ಶವರ್ ಕೆಳಗೆ ನಿಂತ್ರೆ ಗೀಸರಿಂದ ಬರೋದು ಉಗುರುಬೆಚ್ಚಗಿನ ನೀರು. ಎರಡು ವಾರದಿಂದ ಇದೇ ಕಥೆ. ಜಿಡ್ಡು ಹೋಗಲ್ಲ, ನರಕಾಸುರನೂ ಸಾಯಲ್ಲ.”

“ಎಷ್ಟು ಲೀಟರಿಂದು?” ದೇಸಾಯರು ಬಸಿಗೆ ಚಹಾ ಸುರುವಿಕೊಂಡರು. ವಿಜಯಪುರದವರು, ಖಡಕಿ ಕಡೆಯ ಒಂದು ಕಾರ್ಖಾನೆಯಲ್ಲಿ ಜೀವಮಾನವೆಲ್ಲ ಬಾಯ್ಲರ್ ಕಾದವರು.

“ಹದಿನೈದು. ಎರಡು ಕಿಲೋವ್ಯಾಟ್.”

“ಹಂಗಂದ್ರ ಶವರ್ ಅನ್ನೂದ ಶೋಕಿ ನೋಡ್ರಿ. 60 ಡಿಗ್ರಿ ನೀರು 15 ಲೀಟರ್, ಅದಕ್ಕ 20 ಡಿಗ್ರಿ ತಣ್ಣೀರು ಅಷ್ಟ ಕೂಡಸ್ರಿ. 40 ಡಿಗ್ರೀದು 30 ಲೀಟರ್ ಆತು. ಶವರ್ ನಿಮಿಷಕ್ಕ 9 ಲೀಟರ್ ಸುರಿದ್ರ ಮೂರು ನಿಮಿಷಕ್ಕ ಖಲಾಸ್. ಮತ್ತ ಕಾಯಾಕ ಇಪ್ಪತ್ತು ನಿಮಿಷ. ಅದರ ಬದ್ಲಿ ಎರಡು ಬಕೀಟು, ಒಂದು ತಂಬಿಗಿ. ಮಹಾರಾಜರ ಸ್ನಾನ!”

“ಮೂರು ನಿಮಿಷ ಬಿಸಿ ಬಂದಿದ್ರೆ ನಾನ್ಯಾಕೆ ಅಳ್ತಿದ್ದೆ? ಮೊದಲ ಹನಿಯಿಂದ್ಲೇ ಉಗುರುಬೆಚ್ಚಗೆ.”

“ಸುಣ್ಣ ಕಟ್ಟಿರ್ಬೇಕು ಮಾರಾಯ್ರೆ,” ಅಂದರು ಶೆಟ್ರು. ವಾಘೋಲಿಯಲ್ಲಿ ಅವರದೊಂದು ಹೋಟೆಲುಂಟು. “ನಮ್ಮಲ್ಲಿ ಟ್ಯಾಂಕರ್ ನೀರು. ಕಾಯಿಲ್ ಬಿಚ್ಚಿದ್ರೆ ಬೆಳ್ಳಗೆ, ಸಂಡಿಗೆ ಕರಿದ ಹಾಗೆ. ನೀರು ಕಾಯುವ ಮೊದಲು ಆ ಸಂಡಿಗೆ ಕಾಯ್ಬೇಕು.”

“ಇದೆಲ್ಲ ಬೇಡ, ಒಂದು ಗ್ಯಾಸ್ ಗೀಸರ್ ತಂದು ಬಚ್ಚಲಿಗೆ ಹೊಡೆಸ್ಬಿಡ್ತೀನಿ.”

ಶೆಟ್ರ ಮುಖದ ನಗು ಇಳಿಯಿತು. “ಬಚ್ಚಲ ಒಳಗೆ ಬೇಡವೇ ಬೇಡ. ಬಾಗಿಲು ಹಾಕಿ, ಚಳಿ ಅಂತ ಕಿಟಕಿಯೂ ಹಾಕ್ತೀರಿ. ಗ್ಯಾಸ್ ಉರಿದು ಬರುವ ವಿಷಗಾಳಿ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣ ಇಲ್ಲ, ವಾಸನೆ ಇಲ್ಲ. ತಲೆ ತಿರುಗಿದ್ರೆ ಹಸಿವೆಗೆ ಅಂದ್ಕೊಳ್ತೀರಿ, ಅಷ್ಟರಲ್ಲಿ ಕಾಲು ಬಿದ್ದುಹೋಗ್ತದೆ. ಬೇಕೇ ಬೇಕಾದ್ರೆ ಹೊರಗೆ, ಗಾಳಿಯಾಡುವಲ್ಲಿ ಇಡಿ. ಪೈಪು ಮಾತ್ರ ಒಳಗೆ ಬರ್ಲಿ.”

ಮಾತು ಬದಲಿಸೋಣ ಅಂತ ನಾನು ಹೆಮ್ಮೆಯಿಂದ ಹೇಳಿದೆ: “ಪ್ಲಂಬರ್ ಒಳ್ಳೆಯವನು. ಗೀಸರಿನ ಅಡಿ ವಾಲ್ವಿಂದ ಹನಿ ಬೀಳ್ತಿತ್ತು. ಒಂದು ಪ್ಲಗ್ ಬಡಿದು ಬಂದ್ ಮಾಡ್ಕೊಟ್ಟ. ದುಡ್ಡೂ ತಗೊಳ್ಳಲಿಲ್ಲ.”

ದೇಸಾಯರ ಬಸಿ ಅಲ್ಲೇ ನಿಂತಿತು. “ಏನಂದ್ರಿ? ಸೇಫ್ಟಿ ವಾಲ್ವಿಗೆ ಬೂಚು ಬಡದಾನ? ನೀರು ಕಾದ್ರ ಹಿಗ್ಗತದ, ನಾಕು ಹನಿ ಹೊರಗ ಬೀಳೂದ ಅದರ ಧರ್ಮಾರೀ! ನಾಳೆ ನೀರು ಕಾದ ಮ್ಯಾಲ ಕರೆಂಟ್ ನಿಲ್ಲಸೂ ಥರ್ಮೋಸ್ಟ್ಯಾಟ್ ಹಿಡಕೊಂಡು, ಅದರ ಬೆನ್ನಿಗಿರೂ ಕಟೌಟೂ ಕೈಕೊಟ್ರ? ನಮ್ಮಜ್ಜಿ ಮನ್ಯಾಗ ನೀರು ಕಾಸಾಕ ಇತ್ತಲ್ಲ ತಾಮ್ರದ್ದು, ಅದು ಬಂಬು. ನಿಮ್ಮ ತಲಿ ಮ್ಯಾಲ ತೂಗಿಬಿಟ್ಟದ್ದು ಬಾಂಬು. ಏಳ್ರಿ!”

ಚಹಾದ ದುಡ್ಡು ನಾನೇ ಕೊಟ್ಟೆ. ಬಾಂಬಿನ ಮಾಲೀಕನಲ್ಲವೇ.

ಮನೆಗೆ ಬಂದವರೇ ದೇಸಾಯರು ಗೀಸರಿನ ಕರೆಂಟ್ ಕಡಿಯುವ ಎಂಸಿಬಿ ಸ್ವಿಚ್ ಇಳಿಸಿದರು. ಸಾಕೆಟ್ ನೋಡಿ, “16 ಆಂಪಿಯರ್ ಅದ, ಪುಣ್ಯಾ,” ಅಂದರು. ಆಮೇಲೆ ಗೀಸರಿಗೆ ಹೋಗುವ ತಣ್ಣೀರಿನ ಕಾಕ್ ತಿರುಗಿಸಿ ಬಂದ್ ಮಾಡಿ, ಸಿಂಕಿನ ಬಿಸಿನೀರ ನಲ್ಲಿ ಬಿಟ್ಟರು. “ಒಳಗ ನೀರು ಹೋಗೂದ ನಿಂತ ಮ್ಯಾಲ ಇಲ್ಲೂ ನಿಲ್ಲಬೇಕು.”

ನಿಲ್ಲಲಿಲ್ಲ. ಒಂದು ನಿಮಿಷ, ಎರಡು ನಿಮಿಷ. ತಣ್ಣಗೆ ಧಾರಾಳವಾಗಿ ಸುರಿಯುತ್ತಲೇ ಇತ್ತು.

“ಸಿಕ್ತು! ಎಲ್ಲೋ ತಣ್ಣೀರು ಬಿಸಿನೀರಿನ ಪೈಪಿಗೆ ನುಗ್ಗಾಕತ್ತದ. ಗೀಸರ್ ಪಾಪ ನೀಟಾಗಿ ಕಾಸೇದ, ದಾರ್ಯಾಗ ಯಾರೋ ನೀರು ಬೆರಸಾಕತ್ತಾರ. ಗೌಳಿ ಹಾಲಿಗೆ ಬೆರಸಿದಂಗ.”

ಹುಡುಕಾಟ ಶುರು. ಬಚ್ಚಲ ಮೂಲೆಯಲ್ಲಿ ಹೊಸ ಹ್ಯಾಂಡ್ ಶವರ್ ನೇತಾಡುತ್ತಿತ್ತು. ಅದರ ಬಿಸಿ, ತಣ್ಣನೆಯ ಎರಡೂ ತಿರುಪು ಪೂರ್ತಿ ತೆರೆದಿದ್ದವು. ತುದಿಯ ಗುಂಡಿ ಮಾತ್ರ ಬಂದ್, ಹಾಗಾಗಿ ಒಂದು ಹನಿಯೂ ಹೊರಗಿಲ್ಲ. ಎರಡು ನೀರೂ ಒಳಗೊಳಗೇ ಸಂಧಿಸಿ ಸಂಸಾರ ಹೂಡಿದ್ದವು. ದೇಸಾಯರು ಎರಡನ್ನೂ ತಿರುವಿ ಮುಚ್ಚಿದರು. ಸಿಂಕಿನ ಧಾರೆ ದಾರವಾಯಿತು, ದಾರ ಹನಿಯಾಯಿತು, ನಿಂತಿತು.

“ಇದನ್ನ ಯಾವಾಗ ಹಾಕಿಸಿದ್ದು?” ಶೆಟ್ರು ಕೇಳಿದರು.

“ಎರಡು ವಾರ ಆಯ್ತು,” ಅಂದಳು ನನ್ನಾಕೆ, ಅಡುಗೆಮನೆಯಿಂದಲೇ. “ಬಗ್ಗದೆ ಕಾಲು ತೊಳೀಬೇಕಂತೆ ಇವರಿಗೆ. ತುದಿ ಗುಂಡಿ ಒತ್ತಿ ಹಂಗೇ ನೇತಾಕಿ ಬರ್ತಾರೆ.”

ನಾನು ಗೀಸರಿನ ಸ್ಟಾರ್ ಚೀಟಿ ಓದತೊಡಗಿದೆ.

“ಗೀಸರ್ ಆರಾಮದ,” ದೇಸಾಯರು ಕೈ ಒರೆಸಿಕೊಂಡರು. “ಆದ್ರ ಹೊಸಾ ವಾಲ್ವ್ ಹಾಕೂತನಕ ಸ್ವಿಚ್ ಮುಟ್ಟಬ್ಯಾಡ್ರಿ. ಹಬ್ಬ ಇದ್ರೂ ಸೈ.”

ಹಬ್ಬದ ದಿನ ಯಾವ ಪ್ಲಂಬರ್ ಬರುತ್ತಾನೆ? ಬೆಳಗಿನ ಜಾವ ಐದಕ್ಕೆ ಶೆಟ್ರೇ ಹೋಟೆಲಿನಿಂದ ಒಂದು ದೊಡ್ಡ ಪಾತ್ರೆ ಕಳಿಸಿಕೊಟ್ಟರು. ಒಲೆಯ ಮೇಲಿಟ್ಟು ಕಾಸಿ, ಎಣ್ಣೆ ಬಳಿದುಕೊಂಡು, ತಂಬಿಗೆ ತುಂಬ ಮೊಗೆದು ಸುರಿದುಕೊಂಡೆ. ನೀರು ಸುಡುಸುಡುತ್ತ ಹಾಯಾಗಿತ್ತು.

ಆರತಿ ಎತ್ತಲು ಬಂದ ನನ್ನಾಕೆ ಮೂಗರಳಿಸಿದಳು. “ಏನ್ರೀ, ಸಾಂಬಾರಿನ ವಾಸನೆ?”